ವರ್ಷಕ್ಕೊಂದು ಗೇಣು

ಸಮುದ್ರ ಹಿಂದೆ ಸರಿದಿದೆ.
ಪೋರ್ಸ್‌ಗ್ವೆನ್ ಬಂದರಿನ ದೋಣಿಗಳೆಲ್ಲ
ಕೆಸರಿಗೆ ಮೊಣಕೈಯೂರಿ ಒರಗಿವೆ,
ಉಂಡು ಮುಗಿಸಿದ ನೆಂಟರ ಹಾಗೆ.
ನಮ್ಮದೊಂದು ಮಾತ್ರ
ಎರಡು ಮರಗಾಲು ಕಟ್ಟಿಕೊಂಡು ನೆಟ್ಟಗೆ ನಿಂತಿದೆ.
ನೀರು ಬರಲು ಇನ್ನೂ ಐದು ಗಂಟೆ.

ನಲವತ್ತಾರು ವರ್ಷದ ದೋಣಿ. ಹೆಸರು ಲವೆನನ್:
ಬ್ರಿಟನಿಯ ಬೇಲಿಗಳಲ್ಲಿ ಕೂಗುವ,
ಮುಷ್ಟಿಯೊಳಗೆ ಅಡಗುವ ಹಕ್ಕಿಯ ಹೆಸರು.
ಕೊಂಡು ಮೂರು ತಿಂಗಳು.
ಮಾರಿದ ಗುಲ್ವೆನ್ ಮೇಲೆ ಕಲ್ಲುಕಟ್ಟೆಯಲ್ಲಿ
ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತಿದ್ದಾನೆ.
ನೋಡಲು ಬಂದಿಲ್ಲ ತಾನು
ಎಂದು ಹೇಳಲು ಬಂದಿದ್ದಾನೆ.

ಹಾಯಿ ಏರಿಸುವ ಹಗ್ಗ.
ಬಿಳಿ ಇತ್ತಂತೆ; ಈಗ ಹಳೇ ಹಲ್ಲಿನ ಬಣ್ಣ.
ಉಪ್ಪು ಕುಡಿದು ಕುಡಿದು ಬಿರುಸು.
ಮೇಲೇರಿದಾಗ ರಾಟೆಯ ಮೇಲೆ ಬಾಗುವ ಜಾಗ
ಸಿಪ್ಪೆ ಸವೆದು, ಒಳಗಿನ ಎಳೆ
ಹರಿದ ತೋಳಿನಿಂದ ಮೊಣಕೈ ಇಣುಕಿದಂತೆ.
ಹೋದ ಶನಿವಾರ ಹಾಯಿ ಅರ್ಧಕ್ಕೇ ಕಚ್ಚಿಕೊಂಡಿತ್ತು.
ಏರದು, ಇಳಿಯದು,
ಗಾಳಿಯೋ ಬಂಡೆಗಳ ಕಡೆಗೇ ನೂಕುತ್ತಿತ್ತು.
ಚುಕ್ಕಾಣಿ ಹಿಡಿದ ನನ್ನ ಮಗಳು ಅಜೆನೋರ್
ಒಂದೂ ಮಾತಾಡಲಿಲ್ಲ.
ಅವಳು ಮಾತಾಡದಿದ್ದರೆ ನನಗೆ ಭಯ.

ಗಂಟು ಹಾಕಿದರೆ ರಾಟೆ ನುಂಗುವುದಿಲ್ಲ,
ಹೊಲಿಯಬೇಕು. ತುದಿಗೆ ತುದಿ, ಮುಖಕ್ಕೆ ಮುಖ.
ಮೇಣ ತಿಂದ ದಾರ, ಅಂಗೈಗೆ ತೊಗಲ ಪಟ್ಟಿ,
ಎಣಿಸಿ ಹನ್ನೆರಡು ಹೊಲಿಗೆ,
ಹದಿಮೂರನೆಯದು ನನ್ನ ಹೆಬ್ಬೆರಳಿಗೆ.
ಕೂವೆಯ ಹೊಟ್ಟೆಯೊಳಗೆ ಕತ್ತಲು.
ಯಾರ ಕೈಯೂ ಹೋಗದ ಆ ದಾರಿ
ಗೊತ್ತಿರುವುದು ಹಳೆಯದಕ್ಕೆ ಮಾತ್ರ;
ಹೊಸದು ಅದರ ಸೆರಗು ಹಿಡಿದು ಹೋಗಬೇಕು.

ಅಜೆನೋರ್ ಬುಡದಲ್ಲಿ ಉಣಿಸುತ್ತಾಳೆ, ನಾನು ಎಳೆಯುತ್ತೇನೆ.
ಒಂದು ಮಾರು. ಎರಡು. ಮೂರು.
ನಾಲ್ಕಕ್ಕೆ, ತುತ್ತತುದಿಯಲ್ಲಿ, ನಿಂತುಬಿಟ್ಟಿತು.
ಜೋರಾಗಿ ಎಳೆದರೆ ಹೊಲಿಗೆ ಬಿಡುತ್ತದೆ,
ಎಳೆಯದಿದ್ದರೆ ರಾಟೆ ಬಿಡುವುದಿಲ್ಲ.
ಹಾವು, ಕೋಲು ಎರಡೂ ಒಂದೇ ಹಗ್ಗವಾಗಿ
ಕೈಯಲ್ಲಿ ನಡುಗುತ್ತಿವೆ.

ಕಟ್ಟೆಯಿಂದ ಮೊದಲ ಮಾತು:
"ಎಡಗಡೆ ನಿಂತು ಕೇಳು ಅವಳನ್ನ."

ಬೂಟಿನೊಳಕ್ಕೆ ಕೆಸರು ತುಂಬಿಸಿಕೊಂಡು
ಎಡಕ್ಕೆ ಇಳಿದು ಹೋದೆ, ಮಂಡಿಯುದ್ದ ಹೂತು.
ಮೆಲ್ಲಗೆ, ನಿದ್ದೆಯ ಮಗುವಿನ ಕೆಳಗಿಂದ ತೋಳು ತೆಗೆವಂತೆ.
ಟಕ್.
ಮೇಲೆ ನೀಲಿ ಗೆರೆಯ ಹೊಸ ಹಗ್ಗ
ಬಿಸಿಲಿಗೆ ತಲೆ ಹಾಕಿತು.

ಎರಡನ್ನೂ ಕಟ್ಟೆಯ ಮೇಲೆ ಪಕ್ಕಪಕ್ಕ ಹಾಸಿ
"ಅಳತೆ ತಪ್ಪಿದೆ" ಎಂದಳು ಅಜೆನೋರ್.
ಹಳೆಯದು ಹದಿಮೂರು ಗೇಣು ಗಿಡ್ಡ.

ತಪ್ಪಿಲ್ಲ, ಅಂದ ಗುಲ್ವೆನ್.
ಪ್ರತಿ ಅಕ್ಟೋಬರ್ ಒಂದು ಗೇಣು ಕತ್ತರಿಸುತ್ತಿದ್ದನಂತೆ,
ಸವೆಯುವ ಜಾಗ ಒಂದೇ ಆಗದಿರಲೆಂದು.
ನೋವೂ ಸರದಿಯಲ್ಲಿ ಹೊರಲಿ ಎಂಬಂತೆ.
ಕತ್ತರಿಸಿದ ತುಂಡು ಒಂದು ಅವನ ಬೀಗದ ಕೈಗಿದೆ,
ಒಂದು ಗೇಟಿಗೆ, ಒಂದು ನಾಯಿಯ ಕೊರಳಿಗೆ,
ಉಳಿದವು ಎಲ್ಲೋ.

"ಹೋದ ವರ್ಷ?"
"ಕತ್ತರಿಸಿದ್ರೆ ಹಾಯಿ ಕೆಳಗೇ ಬರ್ತಿರಲಿಲ್ಲ.
ಹಗ್ಗ ಮುಗಿದಿತ್ತು."

"ಹೊಸದು ತರಬಹುದಿತ್ತಲ್ಲ?" ಎಂದಳು ನನ್ನ ಮಗಳು,
ಕೇಳಬಾರದೆಂದು ನಾನು ನುಂಗಿಕೊಂಡಿದ್ದನ್ನೇ.
ಅವನು ಬಲಗೈ ಚಾಚಿ ಬೆರಳು ಅಗಲಿಸಿದ.
ಅಗಲಿಸಲು ನೋಡಿದ.
ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ
ಒಂದು ಬೆಂಕಿಪೆಟ್ಟಿಗೆ ಹಿಡಿಸುವಷ್ಟು ಜಾಗ.
"ಇದರಲ್ಲಿ ಏನು ಅಳೆಯೋದು?" ಎಂದು ನಕ್ಕ,
ನಾವು ನಗಲೋ ಬೇಡವೋ ಎಂದು ನೋಡುವಷ್ಟರಲ್ಲಿ
ಹಳೇ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳತೊಡಗಿದ್ದ.
ಟೊಮೆಟೊ ಗಿಡಕ್ಕೆ ಬೇಕಂತೆ.

ನೀರು ಬಂತು, ಮೊದಲು ಏಡಿಗಳ ಬಿಲಕ್ಕೆ,
ಆಮೇಲೆ ನಮ್ಮ ಹೆಜ್ಜೆಗಳಿಗೆ.
ಲವೆನನ್ ಮರಗಾಲಿನ ಮೇಲೆ ಒಮ್ಮೆ ಹಗುರಾದಳು.
ಅಜೆನೋರ್ ಹಗ್ಗದ ತುದಿ ಸುಟ್ಟು ಮೊಂಡು ಮಾಡಿದಳು,
ಪ್ಲಾಸ್ಟಿಕ್ ಕಮಟು, ಬೆರಳಿಗೆ ಬಿಸಿ.

ಹೊರಟವನು ತಿರುಗದೆಯೇ ಕೂಗಿದ:
"ಬಿಗಿಯಾಗಿ ಕಟ್ಟಿ ಹೋಗಿ.
ರಾತ್ರಿ ಗಾಳಿಗೆ ಕೂವೆಗೆ ಬಡಿದರೆ
ನನ್ನ ಕಿಟಕಿಗೆ ಕೇಳುತ್ತೆ."