ಸರ್ವಾನುಮತ

ನುಗ್ಗೇಹಳ್ಳಿ ದಾರಿಯ ನಮ್ಮ ಡೈರಿ, ಸಂಜೆಯ ಸಭೆ.
ಜವರಮ್ಮನ ಹಾಲಿಗೆ ನೀರು ಬಿದ್ದಿದೆ ಎಂದರು ಅಧ್ಯಕ್ಷರು;
ಮೂರು ತಿಂಗಳು ಅವಳ ಹಾಲು ಬೇಡ, ಒಪ್ಪುವವರು ಕೈ ಎತ್ತಿ.
ಅವಳನ್ನು ಕರೆದಿರಲಿಲ್ಲ.

ಮೊದಲು ಒಂದು ಕೈ. ಅದನ್ನು ನೋಡಿ ಪಕ್ಕದ್ದು.
ರಂಗಶೆಟ್ಟಿ ಬೀಡಿಯನ್ನು ಎಡಗೈಗೆ ದಾಟಿಸಿ ಬಲಗೈ ಎತ್ತಿದ.
ನಾನು ಕಾರ್ಯದರ್ಶಿ, ಎಣಿಸಿದೆ: ನಲವತ್ತೆರಡು.
ಪುಸ್ತಕದಲ್ಲಿ ಬರೆದೆ, ‘ಸರ್ವಾನುಮತ’.
ಅರ್ಕಾವತ್ತು ಯಾಕೋ ಓರೆಯಾಯಿತು.

ಬೆಳಗ್ಗೆ ಐದೂವರೆಗೆ ಒಬ್ಬೊಬ್ಬರೇ ಬಂದರು.
ಹಾಲು ಸುರಿಯುತ್ತ ದ್ಯಾವಕ್ಕ, ಮೆಲ್ಲಗೆ:
‘ಪಾಪ ಕಣಪ್ಪ, ಅವ್ಳು ಅಂಥೋಳಲ್ಲ.’
ರಂಗಶೆಟ್ಟಿ, ಹಿಂದೆ ಯಾರೂ ಇಲ್ಲವೆಂದು ತಿರುಗಿ ನೋಡಿ:
‘ಎಲ್ರೂ ಎತ್ತಿದ್ರಲ್ಲ, ಅದ್ಕೆ.’
ಎಲ್ಲರೂ ಅಂದರೆ ಯಾರು, ನಾನು ಕೇಳಲಿಲ್ಲ.
ಏಳರೊಳಗೆ ಇಪ್ಪತ್ತಾರು ಮಂದಿ ಇದನ್ನೇ ಹೇಳಿದ್ದರು,
ಒಬ್ಬರಿಗೊಬ್ಬರು ಕೇಳಿಸದಂತೆ.

ಲ್ಯಾಕ್ಟೋಮೀಟರು ಒಂದೊಂದು ಲೋಟದಲ್ಲಿ ನಿಂತು ಹೇಳುತ್ತದೆ;
ಟ್ಯಾಂಕರು ಎಲ್ಲ ಹೀರಿಕೊಂಡು ಹಾಸನಕ್ಕೆ ಹೊರಟ ಮೇಲೆ
ಯಾರ ಹಾಲು, ಯಾರ ನೀರು?

ಬಾಗಿಲು ಎಳೆಯುವಾಗ ಜವರಮ್ಮ ಬಂದಳು.
ಕೈಯಲ್ಲಿ ತುಂಬಿದ ಕ್ಯಾನು.
‘ನೀನೂ ಎತ್ತಿದ್ಯೇನಪ್ಪ?’
‘ನಾನು ಎಣಿಸ್ತಿದ್ದೆ’ ಎಂದೆ.

ಹಾಜರಿಯಲ್ಲಿ, ನನ್ನದು ಬಿಟ್ಟು,
ಸಹಿ ನಲವತ್ತೊಂದು.