ಬಿಸ್ಕತ್ತಿನ ಡಬ್ಬಿ

ಶನಿವಾರ. ಕೊವೆಂಟ್ರಿ, ಫೋಲ್ಸ್‌ಹಿಲ್ ಲೈಬ್ರರಿಯ ಮೂಲೆಯಲ್ಲಿ
ಮಕ್ಕಳ ಚಿತ್ರಪುಸ್ತಕಗಳ ಪಕ್ಕ ನನ್ನ ಮೇಜು.
'ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತನ್ನಿ':
ಬೋರ್ಡು ನಾನೇ ಬರೆದದ್ದು, ತುಸು ವಾಲಿದೆ.

ಹತ್ತೂವರೆಯವರೆಗೆ ಬಂದವನು ಒಬ್ಬನೇ ಹುಡುಗ,
ಟಾಯ್ಲೆಟ್ ಎಲ್ಲಿ ಅಂತ ಕೇಳಿ ಹೋದ.

ಆಮೇಲೆ ಬೆರಿಲ್ ಹ್ಯಾಡನ್. ಎಪ್ಪತ್ತಾರು. ಒಂದು ಕಾಲಕ್ಕೆ ಬಸ್ಸು ಓಡಿಸಿದವರು.
ತಗಡಿನ ಬಿಸ್ಕತ್ತು ಡಬ್ಬಿ ಮೇಜಿನ ಮೇಲಿಟ್ಟು
ಮುಚ್ಚಳ ತೆಗೆದರು, ಒಡವೆ ತೋರಿಸುವವರ ಹಾಗೆ.

ಎಂಟು ವರ್ಷದ ಜ್ವರಗಳೆಲ್ಲ ಅಲ್ಲಿದ್ದವು.
ಮೈ ತಣ್ಣಗಾದೊಡನೆ ಎತ್ತಿಟ್ಟ ಅರ್ಧ ಆಂಟಿಬಯಾಟಿಕ್ಕು,
ತೀರಿಕೊಂಡ ಗಂಡನ ನಿದ್ದೆಮಾತ್ರೆ ನಾಲ್ಕು,
ಬೇಲಿಯಾಚೆಯ ಸುರಿಂದರ್ ಕೊಟ್ಟ ಮಂಡಿನೋವಿನ ಪಟ್ಟಿ.
'ಅವಳಿಗೆ ನಾಟಿತು, ನನಗೂ ನಾಟೀತು ಅಂತ.'

ಹಿತ್ತಲ ಗಿಡ ಮದ್ದಲ್ಲ, ನಮ್ಮ ಕಡೆಯ ಗಾದೆ.
ತಿರುಗಿಸಿ ಹೇಳಿದೆ. ನಕ್ಕರು.
ಪಕ್ಕದವರ ಹಿತ್ತಲಿನದಾದರೆ ಮದ್ದೇ? ಅಂದೆ.
ನಗಲಿಲ್ಲ.

ನೆಗಡಿಗೇನು ತಗೊಳ್ತೀರಿ?
'ನಿಂಬೆ ವಾಸನೆಯ ಪುಡಿ, ಬಿಸಿನೀರಲ್ಲಿ, ದಿನಕ್ಕೆ ನಾಲ್ಕು ಸಲ.'
ಮೈಕೈ ನೋವಿಗೆ?
'ಆ ಬಿಳಿ ಮಾತ್ರೆ. ಎರಡೆರಡು. ಅದೂ ನಾಲ್ಕು ಸಲ.'

ಪೊಟ್ಟಣ ಎರಡನ್ನೂ ಒತ್ತೊತ್ತಿಗೆ ಇಟ್ಟು
ಭೂತಗನ್ನಡಿ ಕೈಗೆ ಕೊಟ್ಟೆ.
ತುಟಿಯಾಡಿಸುತ್ತ ಓದಿದರು, ಇದನ್ನು, ಅದನ್ನು, ಮತ್ತೆ ಇದನ್ನು:
ಪ್ಯಾರಾಸಿಟಮಾಲ್. ಪ್ಯಾರಾಸಿಟಮಾಲ್.
ಒಬ್ಬನೇ ಆಳು ಎರಡು ಅಂಗಿ ತೊಟ್ಟು ಬಂದು
ಎರಡು ಕೂಲಿ ಎಣಿಸಿಕೊಂಡು ಹೋಗುತ್ತಿದ್ದಾನೆ,
ಕೊಡುತ್ತಿರುವುದು ನಿಮ್ಮ ಲಿವರು. ಸದ್ದಿಲ್ಲದೆ.

ಗಾಜನ್ನು ಕೆಳಗಿಟ್ಟರು.
'ಬೆಳಿಗ್ಗೆ ಎಂಟಕ್ಕೆ ಸರ್ಜರಿಗೆ ಫೋನು ಮಾಡಿದರೆ
ಸಾಲಿನಲ್ಲಿ ಹದಿನೇಳನೆಯವಳು ನಾನು.
ಈ ಡಬ್ಬಿ ನನ್ನನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲ ಮಗಳೇ.'

ನಾಲ್ಕು ವರ್ಷ ಓದಿದ್ದೆ. ಇದಕ್ಕೆ ಉತ್ತರ ಪುಸ್ತಕದಲ್ಲಿರಲಿಲ್ಲ.
ನಮ್ಮ ಅಂಗಡಿಯ ನಂಬರು ದೊಡ್ಡಕ್ಷರದಲ್ಲಿ ಬರೆದೆ,
ಆರು ಗಂಟೆಯವರೆಗೆ ಇರುತ್ತೇನೆ, ನುಂಗುವ ಮೊದಲು ಕೇಳಿ,
ಕೇಳುವುದಕ್ಕೆ ಕಾಸಿಲ್ಲ. ರಕ್ತಪರೀಕ್ಷೆಗೆ ಮಾತ್ರ ಇವತ್ತೇ ಹೋಗಬೇಕು,
ನಾನೇ ಫೋನು ಮಾಡುತ್ತೇನೆ.

ಒಂದೊಂದಾಗಿ ಎಲ್ಲ ನನ್ನ ಚೀಲಕ್ಕೆ ಬಿದ್ದವು.
ನಿದ್ದೆಮಾತ್ರೆಯ ಪೆಟ್ಟಿಗೆ ಮಾತ್ರ ಅವರ ಅಂಗೈಯಡಿ.
'ತಿನ್ನುವುದಕ್ಕಲ್ಲ,' ಅಂದರು. 'ಅದರ ಮೇಲೆ ಅವನ ಹೆಸರಿದೆ.'

ಮಕ್ಕಳ ಮೇಜಿನಿಂದ ಮೊಂಡು ಕತ್ತರಿ ತಂದೆ.
ಹೆಸರಿನ ಸುತ್ತ ಕತ್ತರಿಸಲು ಬಹಳ ಹೊತ್ತು ಹಿಡಿಯಿತು:
ಕ್ಲೈವ್ ಹ್ಯಾಡನ್, ರಾತ್ರಿ ಒಂದು.

ಚೀಟಿಯನ್ನು ಖಾಲಿ ಡಬ್ಬಿಯಲ್ಲಿಟ್ಟು
ಮುಚ್ಚಳ ಒತ್ತಿದರು. ಟಕ್ ಅಂತು.