ಐಸ್ ಸೇರಿಸಿಯೋ, ಬಿಟ್ಟೋ?

ಹತ್ತರಲ್ಲಿ ನೋವು ಎಷ್ಟು, ಗುಡ್ನಿ?
ಫೋನಿನಲ್ಲಿ ಕೇಳುತ್ತಾಳೆ ನರ್ಸ್ ರಾಂಡಿ.
ಮೂವತ್ತೊಂದು ವರ್ಷ ವಾರ್ಡೋ ಬಂದರಿನಲ್ಲಿ
ಕಾಡ್ ಮೀನು ತೂಗಿದವಳು ನಾನು.
ಐಸ್ ಸೇರಿಸಿಯೋ, ಬಿಟ್ಟೋ? ಅಂದೆ.
ಅವಳು ನಗಲಿಲ್ಲ. ಏಳು ಎಂದು ಬರೆದುಕೊಂಡಳು.

ಬಲಭುಜದೊಳಗೆ ಹರಿದದ್ದನ್ನು
ಹೊಲಿದು ಕಳಿಸಿದ್ದಾರೆ ದೊಡ್ಡಾಸ್ಪತ್ರೆಯವರು.
ಹೊಲಿಗೆ ಅಚ್ಚುಕಟ್ಟು; ಬಲೆ ನೇಯುವ ಟೊರ್ಲೈಫ್
ಬಗ್ಗಿ ನೋಡಿ ಒಪ್ಪಿದ್ದಾನೆ.
ಆದರೆ ಒಳಗೆ ಯಾರೋ ಒಲೆ ಹೊತ್ತಿಸಿ
ಆರಿಸದೆ ಹೋಗಿದ್ದಾರೆ.

ಹೊರಗೆ ಹಗಲೆಂಬುದಿಲ್ಲ.
ನವೆಂಬರಿನಲ್ಲಿ ಮುಳುಗಿದ ಸೂರ್ಯ
ಇನ್ನೂ ಸಮುದ್ರದ ಆಚೆಗೇ.
ನನಗಿರುವ ಹೊತ್ತು ಮೂರೇ:
ಆರರ ಗುಳಿಗೆ, ಎರಡರ ಗುಳಿಗೆ, ಹತ್ತರ ಗುಳಿಗೆ.
ಬಿಳಿ, ದುಂಡು, ಬೆಂದ ಮೀನಿನ ಕಣ್ಣು.
ಖಾಲಿ ಹೊಟ್ಟೆಗೆ ಬೇಡ ಎಂದಿದ್ದಾಳೆ ರಾಂಡಿ.
ಎಡಗೈಯಲ್ಲಿ ಬ್ರೆಡ್ಡು ಕೊಯ್ಯುವುದನ್ನು
ಅರವತ್ತೆರಡಕ್ಕೆ ಕಲಿತೆ;
ಚೂರುಗಳೆಲ್ಲ ಒಂದೇ ಬದಿಗೆ ವಾಲುತ್ತವೆ.

ಮೊದಮೊದಲು ಹಟ ಹಿಡಿದೆ.
ಬರಲಿ ನೋವು, ಮುಖ ನೋಡಿ ಆಮೇಲೆ ನುಂಗೋಣ ಎಂದು.
ಬಂತು. ರಾತ್ರಿ ಮೂರಕ್ಕೆ, ಬೂಟು ಕಳಚದೆ,
ಇಡೀ ಮನೆ ತನ್ನದೆಂಬಂತೆ.
ಆಮೇಲೆ ನುಂಗಿದ್ದು ಬೆಂಕಿಗೆ ಉಗುಳಿದ ಹಾಗಾಯಿತು.
'ಗಾಳಿ ಎದ್ದ ಮೇಲೆ ದೋಣಿ ಕಟ್ಟುತ್ತೀಯಾ?'
ರೇಗಿದಳು ರಾಂಡಿ. ಅವಳೂ ಇದೇ ದ್ವೀಪದವಳು.
ಅಂದಿನಿಂದ ಗಡಿಯಾರ ಹೇಳಿದ ಹಾಗೆ.

ಗುಳಿಗೆಗೆ ಅವಸರವಿಲ್ಲ.
ಅರ್ಧ ಗಂಟೆ ಬಿಟ್ಟು, ಸದ್ದಿಲ್ಲದೆ,
ಊದಿದ್ದನ್ನು ಒಂದು ಗೇಣು ಹಿಂದಕ್ಕೆ ಸರಿಸುತ್ತದೆ
ಇಳಿತದ ನೀರಿನಂತೆ. ಆಗ ಕಾಣುತ್ತದೆ ಕಲ್ಲು,
ಅಲ್ಲೇ ಇದೆ, ಒದ್ದೆಯಾಗಿ;
ಒರಗಿ ಒಂದು ನಿದ್ದೆ ಮಾಡಬಹುದು.
ಭುಜಕ್ಕೆ ಐಸ್ ಚೀಲ. ಜೀವಮಾನವಿಡೀ
ಬೆರಳು ಕೊರೆದ ಐಸು ಈಗ ಔಷಧಿಯಂತೆ!
ಟೊರ್ಲೈಫ್ ಅದನ್ನು ಬಂದರಿನಿಂದಲೇ ತರುತ್ತಾನೆ;
ದಿಂಬೆಲ್ಲ ಮೀನು ವಾಸನೆ.

ಜನವರಿ. ಕೋಟೆಯಲ್ಲಿ ತೋಪು ಹಾರಿತು,
ಸೂರ್ಯ ಪೂರ್ತಿ ಕಂಡನೆಂದು.
ಕಿಟಕಿ ಅದುರಿತು. ಶಾಲೆ ಬಿಟ್ಟ ಮಕ್ಕಳು
ಬೀದಿಯುದ್ದ ಕೂಗಿದರು.
ಕಣ್ಣಿಗೆ ಮರೆಮಾಡಲು ಕೈ ಎತ್ತಿದೆ,
ಮರೆತು, ಬಲಗೈಯನ್ನೇ.
ಎದೆಯತನಕ ಬಂದು ನಿಂತಿತು. ಅಷ್ಟು.

ಆಮೇಲೆ ನೋಡಿದರೆ
ಬೆಳಗಿನ ಆರರ ಗುಳಿಗೆ ತಟ್ಟೆಯಲ್ಲೇ ಇತ್ತು,
ಬ್ರೆಡ್ಡಿನ ಪುಡಿಯ ನಡುವೆ.
'ಈಗ ಸೇರಿಸಿ ಎರಡು ನುಂಗಬೇಡ,' ಅಂದಳು ರಾಂಡಿ.
'ಎಷ್ಟಿದೆ, ಗುಡ್ನಿ?'
ಮೂರು, ಅಂದೆ.
ಐಸ್ ಸೇರಿಸಿ.